ಕ್ಯಾಲಿಪರ್ ಕೀಲಿನಲ್ಲಿ ಉಳಿದ ಮಣ್ಣು

ಆಯುಧಪೂಜೆಯ ಹಿಂದಿನ ದಿನ ನಾನು ನನ್ನ ಸಾಮಾನುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ಅದ್ದಿ ಒರೆಸುತ್ತೇನೆ. ಎಲ್ಲವೂ ಫಳಫಳ ಅನ್ನುತ್ತವೆ, ಒಂದನ್ನು ಬಿಟ್ಟು. ನನ್ನ ಕ್ಯಾಲಿಪರಿನ ಕೀಲಿನಲ್ಲಿ ಚಿಟಿಕೆಯಷ್ಟು ಕೆಮ್ಮಣ್ಣು ಒಣಗಿ ಕೂತಿದೆ. ಅದನ್ನು ನಾನು ತೆಗೆಯುವುದಿಲ್ಲ.

ಕ್ಯಾಲಿಪರ್ ಅಂದರೆ ಗೊತ್ತಿಲ್ಲದವರಿಗೆ ಹೇಳಬೇಕು. ಏಡಿಯ ಕೊಂಡಿಯ ಹಾಗೆ ಎರಡು ಬಾಗಿದ ಕಾಲುಗಳಿರುವ, ಅಂಗೈ ಉದ್ದದ ಉಕ್ಕಿನ ಸಾಮಾನು. ಏನನ್ನಾದರೂ ಅದರ ಕಾಲುಗಳ ನಡುವೆ ಹಿಡಿದರೆ ಎಲ್ಲಿ ಹೆಚ್ಚು, ಎಲ್ಲಿ ಕಮ್ಮಿ ಎಂದು ಮುಲಾಜಿಲ್ಲದೆ ಹೇಳಿಬಿಡುತ್ತದೆ. ನಾನು ಹೊಸೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮೇಲೆ ಕಬ್ಬಿಣ ತಿರುವಿ ಬದುಕಿದವನು. ಓದಿದವರ ಜೇಬಿನಲ್ಲಿ ಪೆನ್ನು ಇರುವ ಜಾಗದಲ್ಲಿ ನನಗೆ ಇದಿರುತ್ತಿತ್ತು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಬಿಡಿಸಿದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ನಾನೇ ಬಿಟ್ಟೆ. ನಮ್ಮೂರು ಬೇರಿಕೆಯ ಸ್ಕೂಲಿನಲ್ಲಿ ಕಂಪಾಸ್ ಹಿಡಿದು ನೋಟ್‌ಬುಕ್ಕಿನ ತುಂಬ ಬರೀ ವೃತ್ತ ಬರೆಯುತ್ತಿದ್ದೆನೆಂದು ಮೇಷ್ಟ್ರು ಬೆರಳ ಗೆಣ್ಣಿನ ಮೇಲೆ ಹೊಡೆದಿದ್ದರು. ಆಮೇಲೆ ಮೂವತ್ತು ವರ್ಷ ವೃತ್ತ ಮಾಡಿಯೇ ಅನ್ನ ತಿಂದೆ. ಆ ಮೇಷ್ಟ್ರು ಸಿಕ್ಕಿದ್ದರೆ ಬುಷ್ ಅನ್ನುವ ಒಂದು ಉಕ್ಕಿನ ಬಳೆ ತಿರುವಿ ಕೈಗಿಡುತ್ತಿದ್ದೆ, ಅಳೆದು ನೋಡಿ ಸಾರ್ ಎಂದು.

ಮಣ್ಣಿನ ವಿಷಯಕ್ಕೆ ಬರುತ್ತೇನೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಕಾರ್ಖಾನೆಯ ಮೆಷಿನ್ನುಗಳನ್ನು ಹೊಸ ಶೆಡ್ಡಿಗೆ ಸಾಗಿಸಬೇಕೆಂದು ನಮಗೆಲ್ಲ ಒಂದು ವಾರ ರಜ ಕೊಟ್ಟರು. ರಜ ಅಂದರೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಕ್ಷೌರದ ಅಂಗಡಿಯಲ್ಲಿ ಕೂತು ಹಳೆಯ ಪೇಪರ್ ತಿರುವುವಾಗ ಒಂದು ಬರಹ ಕಣ್ಣಿಗೆ ಬಿತ್ತು. ಅಂಚೆಟ್ಟಿ ದಾಟಿ ನಾಟ್ರಾಂಪಾಳ್ಯದ ಕಡೆಗೆ ಹೋದರೆ ಒಂದು ಗುಡ್ಡದ ಓರೆಯಲ್ಲಿ ಚಿತ್ರ ಬರೆಯುವವರು, ಮಡಕೆ ಮಾಡುವವರು, ಕೆಲಸ ಬಿಟ್ಟು ಬಂದವರು ಎಲ್ಲ ಸೇರಿ ಹತ್ತು ಹನ್ನೆರಡು ಮಣ್ಣಿನ ಮನೆ ಕಟ್ಟಿಕೊಂಡಿದ್ದಾರಂತೆ. ಪಟ್ಟಣದ ಗದ್ದಲದಿಂದ ಬೇಸತ್ತ ಪ್ರಯಾಣಿಕರು ಅಲ್ಲಿ ಹೋಗಿ ತಂಗಬಹುದಂತೆ. ನಾನು ಅದನ್ನು ಎರಡು ಸಲ ಓದಿದೆ. ಪಟ್ಟಣದ ಗದ್ದಲ ಅಂದರೆ ಯಾರದ್ದು? ಮೂವತ್ತು ವರ್ಷ ನನ್ನ ಕಿವಿಯ ಪಕ್ಕದಲ್ಲಿ ಕಿರುಚಿದ್ದು ಕೋಗಿಲೆಯಾ?

ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ರತ್ನಮ್ಮ ಮೊರದಲ್ಲಿದ್ದ ಅವರೆಕಾಳಿನಿಂದ ತಲೆಯೆತ್ತಲಿಲ್ಲ.

"ಮಣ್ಣಿನ್ ಮನೇಲಿ ಮಲಗಾಕೆ ದುಡ್ ಕೊಟ್ಟು ಹೋಗ್ಬೇಕಾ? ನಾನು ಹುಟ್ಟಿದ್ದೇ ಮಣ್ಣಿನ್ ಮನೇಲಿ. ಅದ್ರಿಂದ ತಪ್ಪಿಸ್ಕೊಂಡ್ ಬರಾಕೆ ನಿಮ್ಮನ್ನ ಮದ್ವೆ ಆಗಿದ್ದು."

"ಬೆಂಗ್ಳೂರೋರು ಹೋಗ್ತಾರೆ, ನಾನ್ ಹೋದ್ರೆ ಏನು?"

"ಅವ್ರು ಸುಮ್ನೆ ಕೂತ್ಕೊಳಾಕೆ ಹೋಗ್ತಾರೆ. ನಿಮಗೆ ಸುಮ್ನೆ ಕೂತ್ಕೊಳಾಕೆ ಬತ್ತದಾ?"

ಆ ಮಾತು ಚುಚ್ಚಿತು. ಕೂತು ತೋರಿಸುತ್ತೇನೆ ಎಂದುಕೊಂಡೆ. ಕಾಯಿನ್ ಬೂತಿನಿಂದ ಫೋನ್ ಮಾಡಿ ಮೂರು ದಿನಕ್ಕೆ ಒಂದು ಕೋಣೆ ಹೇಳಿದೆ. ರತ್ನಮ್ಮ ಉದ್ದನಪಲ್ಲಿಯ ತಂಗಿಯ ಮನೆಗೆ ಹೊರಟಳು. ಹೊರಡುವಾಗ ನನ್ನ ಚೀಲದೊಳಗೆ ಕೈ ಹಾಕಿ ಕ್ಯಾಲಿಪರ್ ಎತ್ತಿ ಹಿಡಿದಳು. "ಇದ್ಯಾಕೆ?" ಅಂದಳು. ಕನ್ನಡಕ ಹಾಕುವವನನ್ನು ಕನ್ನಡಕ ಯಾಕೆ ಅಂದರೆ ಏನು ಹೇಳುವುದು?

ಬಸ್ಸು ಇಳಿದಾಗ ಮಧ್ಯಾಹ್ನ. ದಾರಿಯ ಪಕ್ಕ ಹುಣಸೆಮರದ ಕೆಳಗೆ ತಲೆಗೆ ಟವಲು ಸುತ್ತಿದ ಒಬ್ಬ ಮನುಷ್ಯ ನಿಂತಿದ್ದ. ಹೆಸರು ಮಾದಪ್ಪ, ಅಲ್ಲಿಯದೇ ಊರಿನವನು, ಗುಡ್ಡದ ಮನೆಗಳನ್ನು ನೋಡಿಕೊಳ್ಳುವವನು. ತಂಗಲು ಬಂದವರ ಚೀಲವನ್ನು ಬಸ್ಸಿನಿಂದ ಗುಡ್ಡದ ಮೇಲಿನವರೆಗೆ ಹೊತ್ತು ಒಯ್ಯುವುದು ಅಲ್ಲಿಯ ಪದ್ಧತಿ, ಅದಕ್ಕೇ ನಿಂತಿದ್ದ. ನನ್ನನ್ನು ನೋಡಿದ. ನನ್ನ ಹೆಗಲ ಮೇಲಿಂದ ಹಿಂದಕ್ಕೆ ನೋಡಿದ. ಬಸ್ಸು ಹೊರಟುಹೋಯಿತು. ಇನ್ನೂ ನೋಡುತ್ತಲೇ ಇದ್ದ.

"ಮೋಟ್ರು ರಿಪೇರಿಗೆ ಬಂದ್ರಾ ಅಣ್ಣ?"

"ಇಲ್ಲಪ್ಪ. ಉಳ್ಕೊಳಾಕೆ ಬಂದಿದ್ದೀನಿ."

"ಕೆಲ್ಸ ಮುಗಿಯೋಗಂಟವಾ?"

"ಕೆಲ್ಸ ಇಲ್ಲ. ಸುಮ್ನೆ ಉಳ್ಕೊಳಾಕೆ."

ಅವನಿಗೆ ಅದು ತಮಾಷೆಯಾಗಿ ಕಂಡಿತು. ನಕ್ಕ. "ನಡೀರಿ ಹಂಗಾದ್ರೆ" ಎಂದು ಮುಂದೆ ಮುಂದೆ ಕೈ ಬೀಸಿಕೊಂಡು ನಡೆದ. ನನ್ನ ಚೀಲ ನನ್ನ ಹೆಗಲ ಮೇಲೇ ಇತ್ತು. ಸುತ್ತಮುತ್ತಲ ಊರಿನವರು ಆ ಜಾಗವನ್ನು ಗಡ್ಡದವರ ಗುಡ್ಡ ಅನ್ನುತ್ತಾರೆ ಎಂದು ದಾರಿಯಲ್ಲಿ ಅವನೇ ಹೇಳಿದ. "ಅಲ್ಲಿ ಹೆಂಗಸ್ರು ಇಲ್ವಾ?" ಎಂದು ಕೇಳಿದೆ. "ಅವ್ರೆ. ಅವ್ರಿಗೂ ಅದೇ ಹೆಸ್ರು" ಅಂದ.

ಮೇಲೆ ಶ್ರೀಧರ ಎಂಬುವರು ಎದುರಾದರು. ಬೆಂಗಳೂರಿನಲ್ಲಿ ಬ್ಯಾಂಕಿನ ಕೆಲಸ ಬಿಟ್ಟು ಬಂದು ಅಲ್ಲಿ ತಂಗುಮನೆ ನಡೆಸುತ್ತಿದ್ದವರು. ಬರಿಗಾಲು, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಲುಂಗಿ, ಎದೆಯವರೆಗೆ ಗಡ್ಡ. "ಓ, ಬಂದ್ರಾ! ಟ್ಯಾಂಕ್ ಆ ಕಡೆ ಇದೆ" ಅಂದರು. ನಾನು ಹೆಸರು ಹೇಳಿ, ಫೋನ್ ಮಾಡಿದವನು ನಾನೇ ಅಂದಾಗ ಮುಖ ಕೆಂಪಾಯಿತು. ಪಾಪ, ಒಳ್ಳೆಯವರು. ಮುಖ ಕೆಂಪಾಗುವವರೆಲ್ಲ ಒಳ್ಳೆಯವರೇ. ತಕ್ಷಣ ಎರಡೂ ಕೈ ಹಿಡಿದುಕೊಂಡರು. "ಇಲ್ಲಿ ಸಾರ್, ಮೇಡಂ ಏನೂ ಇಲ್ಲ. ನಾನು ಶ್ರೀಧರ, ನೀವು ಮುನಿರಾಜು. ಎಲ್ರೂ ಒಂದೇ."

"ಆಗ್ಲಿ ಸಾರ್" ಅಂದೆ.

ಊಟದ ಮನೆಯಲ್ಲಿ ಗೋಡೆಯ ಉದ್ದಕ್ಕೆ ಒಂದು ಮಣ್ಣಿನ ಕಟ್ಟೆ ಇತ್ತು. ಅಲ್ಲಿ ತಂಗಿದವರು ಹೋಗುವ ಮುಂಚೆ ತಮ್ಮ ಕೈಯಾರೆ ಮಾಡಿದ ಏನನ್ನಾದರೂ ಆ ಕಟ್ಟೆಯ ಮೇಲೆ ಇಟ್ಟು ಹೋಗಬೇಕು. ಅದರ ಮುಂದೆ ಒಂದು ಚೀಟಿ. ಚೀಟಿಯಲ್ಲಿ ಹೆಸರು, ಊರು, ಅಷ್ಟೇ. ಡಾಕ್ಟರೋ ಎಂಜಿನಿಯರೋ ಎಂಬುದಿಲ್ಲ. ನಾನು ಒಂದೊಂದನ್ನೇ ನೋಡುತ್ತ ಹೋದೆ. ಒಂದೇ ಕಾಲಿಗೆ ಹೆಣೆದ ಉಲ್ಲನ್ ಸಾಕ್ಸ್. ಮರದ ಸೌಟು. ಗುಡ್ಡದ ಚಿತ್ರ ಒಂದನ್ನು ತಲೆಕೆಳಗಾಗಿ ಇಟ್ಟಿದ್ದಾರೆಂದು ನಾನು ತಿರುಗಿಸಿ ಇಟ್ಟೆ; ಶ್ರೀಧರ ಮತ್ತೆ ತಿರುಗಿಸಿ ಇಟ್ಟರು. ಮಿಕ್ಕಂತೆ ಮಡಕೆ, ಕುಡಿಕೆ, ಲೋಟಗಳು. ಎಲ್ಲ ಸೊಟ್ಟ.

ಆ ಕಟ್ಟೆಯ ಮುಂದೆ ನಿಂತಾಗಲೇ ನನಗೆ ಹಟ ಹಿಡಿಯಿತು. ಇಲ್ಲಿ ನನ್ನದೂ ಒಂದು ಚೀಟಿ ಇರಬೇಕು. ರಿಪೇರಿಗೆ ಬಂದವನು ಎಂದು ನೋಡಿದವರೆಲ್ಲ ಊಟಕ್ಕೆ ಕೂತಾಗ ಅದನ್ನು ಓದಬೇಕು: ಮುನಿರಾಜು, ಹೊಸೂರು.

ಆದರೆ ಅತಿಥಿಯಾಗಿರುವುದು ಎಷ್ಟು ಕಷ್ಟದ ಕೆಲಸ ಎಂದು ನಿಮಗೆ ಗೊತ್ತೇ? ಫಸ್ಟ್ ಶಿಫ್ಟಿನ ಅಭ್ಯಾಸ, ಮುಂಜಾನೆಯೇ ಎಚ್ಚರವಾಯಿತು. ಯಾರೂ ಎದ್ದಿರಲಿಲ್ಲ. ಸುಮ್ಮನೆ ಕೂರಲಾಗದೆ ಪೊರಕೆ ಹುಡುಕಿ ಅಂಗಳ ಗುಡಿಸಿದೆ. ಅರ್ಧ ಗುಡಿಸಿದ ಮೇಲೆ ಹೊಳೆಯಿತು, ಅಯ್ಯೋ, ಇದನ್ನು ಯಾರಾದರೂ ನೋಡಿದರೆ ನನ್ನ ಕಥೆ ಮುಗಿಯಿತು ಎಂದು. ಗುಡಿಸಿದ ಕಸವನ್ನು ಮತ್ತೆ ಹರಡಿ, ಓಡಿಹೋಗಿ ಮಲಗಿ, ಮುಖದ ಮೇಲೆ ಬಿಸಿಲು ಬೀಳುವ ತನಕ ಕಣ್ಣು ಮುಚ್ಚಿಕೊಂಡಿದ್ದೆ. ಜೀವನದಲ್ಲಿ ಅಷ್ಟು ದಣಿದದ್ದೇ ಇಲ್ಲ. ತಿಂಡಿಯ ಹೊತ್ತಿಗೆ ಚಿತ್ರ ಬರೆಯುವವರೊಬ್ಬರು ಟೇಪ್‌ರೆಕಾರ್ಡರ್ ತಂದು ನನ್ನ ಮುಂದೆ ಇಟ್ಟರು. "ಕ್ಯಾಸೆಟ್ ಸಿಕ್ಕಾಕ್ಕೊಳ್ತಾ ಇದೆ, ಸಂಜೆಯೊಳಗೆ ಆಗುತ್ತಾ?"

"ನಮ್ಮನೇದೂ ಹಂಗೇ ಮಾಡ್ತದೆ ಸಾರ್" ಅಂದೆ. "ಸರಿ ಮಾಡೋರು ಯಾರಾದ್ರೂ ಸಿಕ್ಕಿದ್ರೆ ನನಗೂ ಹೇಳಿ."

ಅದನ್ನು ಕೇಳಿ ಮೂಲೆಯಲ್ಲಿ ಕೂತಿದ್ದ ಒಬ್ಬ ಹೆಂಗಸು ಜೋರಾಗಿ ನಕ್ಕರು. ಅರವತ್ತು ದಾಟಿದವರು, ಮೊಣಕೈವರೆಗೆ ಮಣ್ಣು. ಹೆಸರು ಸುಮಿತ್ರಾ. ಅವರನ್ನೂ ಬರೀ ಹೆಸರಿನಿಂದ ಕರೆಯಬೇಕೆಂದು ಅಲ್ಲಿಯ ಕಟ್ಟಳೆ. ನನ್ನ ನಾಲಿಗೆ ತಿರುಗಲಿಲ್ಲ, ಸುಮಿತ್ರಮ್ಮ ಎಂದೇ ಕರೆದೆ. ಕಟ್ಟೆಯ ಮೇಲಿನ ಮಡಕೆಗಳೆಲ್ಲ ಅವರ ಚಕ್ರದ ಮೇಲೆ ಆದವು.

"ಕಟ್ಟೆಗೆ ಏನಿಡ್ತೀರಿ?" ಎಂದು ಅವರೇ ಕೇಳಿದರು.

"ಒಂದ್ ಲೋಟ ಮಾಡೋಣಾಂತ."

"ಬನ್ನಿ, ಕಲಿಸ್ತೀನಿ."

ಅವರ ಚಕ್ರವನ್ನು ನೋಡಿದ ಕೂಡಲೇ ನನಗೆ ನೆಂಟರ ಮನೆಗೆ ಬಂದ ಹಾಗಾಯಿತು. ಕಾಲಿನಿಂದ ಒದ್ದು ತಿರುಗಿಸುವ ಚಕ್ರ. ಕೆಳಗೆ ಭಾರದ ಗಾಲಿ, ನಡುವೆ ಕಬ್ಬಿಣದ ದಂಡ, ಮೇಲೆ ಮಣ್ಣು ಇಡುವ ತಟ್ಟೆ. ನೆಟ್ಟಗೆ ಎತ್ತಿ ನಿಲ್ಲಿಸಿದ ಲೇತೇ ಅಲ್ಲವೇ ಅದು? ಆದರೆ ಕಬ್ಬಿಣ ಹೇಳಿದ ಮಾತು ಕೇಳುತ್ತದೆ, ಮಣ್ಣು ಕೇಳುವುದಿಲ್ಲ. ನನ್ನ ಮೊದಲ ಲೋಟ ಮಲಗಿತು. ಎರಡನೆಯದು ಟೋಪಿಯಾಯಿತು. ಸಂಜೆಗೆ ಒಂದು ಎದ್ದು ನಿಂತಿತು, ಒಂದು ಕಡೆ ಎತ್ತರ, ಒಂದು ಕಡೆ ತಗ್ಗು.

"ಸೊಟ್ಟಗಾಯ್ತು" ಅಂದೆ.

"ಅದೇ ಚೆಂದ ಮುನಿರಾಜು. ಮೆಷಿನ್ನಲ್ಲಿ ಮಾಡಿದ್ದು ಒಂದೇ ಥರ ಇರುತ್ತೆ. ಕೈಯಲ್ಲಿ ಮಾಡಿದ್ದು ಸೊಟ್ಟ ಇರುತ್ತೆ. ಆ ಸೊಟ್ಟದಲ್ಲೇ ಜೀವ ಇರೋದು."

ನನಗೆ ನಮ್ಮೂರಿನ ಕುಂಬಾರ ತಾತ ನೆನಪಾದ. ಸ್ಕೂಲಿಗೆ ಚಕ್ಕರ್ ಹಾಕಿ ಅವನ ಎದುರಿಗೆ ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. ಕೋಲಿನಿಂದ ಚಕ್ರ ತಿರುಗಿಸಿ ಕೋಲು ಬಿಸಾಕಿ ಮಣ್ಣಿಗೆ ಕೈ ಹಾಕುತ್ತಿದ್ದ. ಮಡಕೆ ಹುಣ್ಣಿಮೆ ಚಂದ್ರನ ಹಾಗೆ ಏಳುತ್ತಿತ್ತು. ಸೊಟ್ಟಗಾದರೆ ಬೈದುಕೊಂಡು ಮುದ್ದೆ ಮಾಡಿ ಮತ್ತೆ ಹಾಕುತ್ತಿದ್ದ. ಅವನದೂ ಕೈಯೇ. ಅವನ ಮಡಕೆಯಲ್ಲಿ ಜೀವ ಇರಲಿಲ್ಲವೇ? ಬಾವಿಯಿಂದ ನೀರು ಹೊತ್ತು ತಂದ ಹೆಂಗಸರನ್ನು ಕೇಳಿ, ಸೊಟ್ಟ ಮಡಕೆ ತಲೆಯ ಮೇಲೆ ನಿಲ್ಲುತ್ತದಾ ಎಂದು.

ಜೇಬಿನಿಂದ ಕ್ಯಾಲಿಪರ್ ತೆಗೆದು ನನ್ನ ಹಸಿ ಲೋಟದ ತಳದಿಂದ ಅಂಚಿಗೆ ಎರಡೂ ಕಡೆ ಅಳೆದೆ. ಕೀಲಿಗೆ ಮಣ್ಣು ಮೆತ್ತಿಕೊಂಡಿದ್ದು ಆಗಲೇ. ಆಮೇಲೆ ಒಣಗಲು ಇಟ್ಟಿದ್ದ ಅವರ ಲೋಟಗಳನ್ನು ಅಳೆದೆ. ಒಂದು, ಎರಡು, ಐದು, ಹತ್ತು. ದೊಡ್ಡದಾಗಲಿ ಚಿಕ್ಕದಾಗಲಿ, ಎಲ್ಲವೂ ಒಂದೇ ಬಗೆಯಾಗಿ ವಾಲಿದ್ದವು. ಜೀವ ಇರುವವು ಒಂದೊಂದು ಒಂದೊಂದು ಥರ ಸೊಟ್ಟ ಇರಬೇಕಲ್ಲ? ಇವು ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ ಸೊಟ್ಟ.

ಸುಮಿತ್ರಮ್ಮ ಕೈ ತೊಳೆಯಲು ಹೋದಾಗ ಒಂದು ಇಟ್ಟಿಗೆಯ ಮೇಲೆ ಮೊಳೆ ಇಟ್ಟು, ಅದರ ತುದಿ ತಟ್ಟೆಯ ಅಂಚಿಗೆ ಸೋಕಿಯೂ ಸೋಕದ ಹಾಗೆ ಹಿಡಿದು ಚಕ್ರ ಒದ್ದೆ. ಟಿಕ್. ಒಂದು ಸುತ್ತು. ಟಿಕ್. ಬಗ್ಗಿ ನೋಡಿದೆ. ತಟ್ಟೆಯನ್ನು ದಂಡಕ್ಕೆ ಕೂರಿಸಿದ್ದು ಮೂರು ಬೋಲ್ಟಿನಿಂದ. ಎರಡರ ಜಾಗದಲ್ಲಿ ತಟ್ಟೆಯ ಅಡಿಗೆ ದಪ್ಪ ವಾಷರ್ ಕೊಟ್ಟಿದ್ದರು, ಮೂರನೆಯದರಲ್ಲಿ ಇರಲಿಲ್ಲ. ತಟ್ಟೆ ಆ ಕಡೆಗೆ ವಾಲಿ ಕೂತಿತ್ತು. ಆ ಗುಡ್ಡದ ಸೊಟ್ಟವೆಲ್ಲ, ಜೀವವೆಲ್ಲ, ಒಂದು ವಾಷರಿನದು.

ಈಗ ನನ್ನ ಸಂಕಟ ನೋಡಿ. ಸ್ಪ್ಯಾನರ್ ಒಂದು ಸಿಕ್ಕಿದರೆ ಕಾಲು ಗಂಟೆಯ ಕೆಲಸ. ಆದರೆ ಸ್ಪ್ಯಾನರ್ ಮುಟ್ಟಿದೆನೋ, ಮುಗಿಯಿತು. ಮೋಟರು, ಟೇಪ್‌ರೆಕಾರ್ಡರು, ನಲ್ಲಿ, ಚಿಲಕ ಎಲ್ಲ ಸಾಲಾಗಿ ಬರುತ್ತವೆ, ಹುಣಸೆಮರದ ಕೆಳಗೆ ಮಾದಪ್ಪ ಕೇಳಿದ್ದು ನಿಜವಾಗುತ್ತದೆ. ಮುಟ್ಟದಿದ್ದರೆ? ಸೊಟ್ಟ ಲೋಟದ ಮುಂದೆ ನನ್ನ ಹೆಸರು. ಮೂವತ್ತು ವರ್ಷ ಕೂದಲೆಳೆಯಷ್ಟು ತಪ್ಪಿದರೂ ಕೆಲಸವನ್ನು ಗುಜರಿಗೆ ಹಾಕಿದವನ ಹೆಸರು! ಮಾರನೇ ದಿನ ಮಧ್ಯಾಹ್ನದವರೆಗೆ ಸುಮ್ಮನಿದ್ದೆ. ಎಲ್ಲರ ಜೊತೆ ಬಂಡೆಯ ಮೇಲೆ ಕೂತು ಕಾಡು ನೋಡಿದೆ. ಅವರೆಲ್ಲ ಆಹಾ ಅನ್ನುತ್ತಿದ್ದರು. ನನ್ನ ಕಿವಿಯಲ್ಲಿ ಟಿಕ್, ಟಿಕ್.

ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ. "ಸುಮಿತ್ರಮ್ಮ, ಒಂದ್ ಮಾತು. ನಿಮ್ಮ ಮಡಕೆ ಸೊಟ್ಟ ಆಗ್ತಿರೋದು ನಿಮ್ಮ ಕೈಯಿಂದಲ್ಲ. ಚಕ್ರದ್ದು ಒಂದು ವಾಷರ್ ಇಲ್ಲ."

ಅವರು ತುತ್ತು ಕೆಳಗಿಟ್ಟರು. "ಎಂಟು ವರ್ಷದಿಂದ ನನ್ನ ಚಕ್ರ ಅದು" ಅಂದರು, ಮೆತ್ತಗೆ. ನನಗೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಆದರೆ ಸುಳ್ಳು ಹೇಳಿರಲಿಲ್ಲವಲ್ಲ. ಎಲ್ಲರನ್ನೂ ಚಕ್ರದ ಹತ್ತಿರ ಕರೆದೊಯ್ದು ಇಟ್ಟಿಗೆ, ಮೊಳೆ ಇಟ್ಟು ತೋರಿಸಿದೆ. ಟಿಕ್ ಅಂದಿತು. ಅವರು ಬಗ್ಗಿ ನೋಡಿದರು. ಮತ್ತೊಮ್ಮೆ ಒದ್ದು ನೋಡಿದರು. ಆಮೇಲೆ ಎಂಜಲು ಕೈಯಲ್ಲೇ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಶ್ರೀಧರ ಸಮಾಧಾನದಿಂದ ಉಸಿರು ಬಿಟ್ಟರು. "ಹಾಗಾದ್ರೆ ಮುನಿರಾಜು, ಸ್ವಲ್ಪ ನೋಡ್ಬಿಡಿ. ಸ್ಪ್ಯಾನರ್ ಮೋಟರ್ ಶೆಡ್ಡಲ್ಲಿದೆ."

"ನೋಡಲ್ಲ."

"ಯಾಕೆ?"

"ನಾನು ರಜದಾಗೆ ಬಂದಿದ್ದೀನಿ ಸಾರ್. ನೀವು ಬ್ಯಾಂಕಲ್ಲಿದ್ದೋರು. ಇಲ್ಲಿಗೆ ಬಂದೋರು ಯಾರಾದ್ರೂ ನಿಮ್ ಕೈಲಿ ಪಾಸ್‌ಬುಕ್ ಬರ್ಸ್ಕೊಂಡ್ ಹೋಗ್ತಾರಾ?"

ಊಟದ ಮನೆಯ ಬಾಗಿಲಲ್ಲಿ ನಿಂತಿದ್ದ ಮಾದಪ್ಪ ಕೆಮ್ಮಿದ. ಶ್ರೀಧರರ ಮುಖ ಮತ್ತೆ ಕೆಂಪಾಯಿತು.

"ಹಂಗಂತ ಬಿಟ್ ಹೋಗಲ್ಲ" ಅಂದೆ. "ನನಗೊಂದು ಕುರ್ಚಿ ಹಾಕಿ. ಬಾಯಿ ನಂದು, ಕೈ ನಿಮ್ದು."

ಹೊಂಗೆ ಮರದ ನೆರಳಿಗೆ ಕುರ್ಚಿ ಬಂತು. ಚಕ್ರದ ಸುತ್ತ ಸುಮಿತ್ರಮ್ಮ, ಶ್ರೀಧರ, ಟೇಪ್‌ರೆಕಾರ್ಡರಿನವರು. ಬ್ಯಾಂಕಿನ ಶ್ರೀಧರ ಬೋಲ್ಟನ್ನು ಬಿಚ್ಚುವ ಬದಲು ಬಿಗಿ ಮಾಡುತ್ತ ಬೆವರು ಸುರಿಸುತ್ತಿದ್ದರು. "ಆ ಕಡೆ ಅಲ್ಲ ಸಾರ್, ಈ ಕಡೆ." "ಯಾವ ಕಡೆ?" "ನಿಮ್ಮ ಗಡ್ಡದ ಕಡೆ." ಮಾದಪ್ಪ ಹಾಲಿನ ಪುಡಿ ಡಬ್ಬದ ತಗಡು ಕತ್ತರಿಸಿ, ನಾನು ಹೇಳಿದ ಅಳತೆಗೆ ಪದರ ಪದರವಾಗಿ ವಾಷರ್ ಮಾಡಿದ. ನನ್ನ ಕೈಗಳು ತಾವಾಗಿಯೇ ಎದ್ದು ಎದ್ದು ಹೋಗುತ್ತಿದ್ದವು. ಕೊನೆಗೆ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಅವುಗಳ ಮೇಲೆ ಕೂತೆ. ಕಾಲು ಗಂಟೆಯ ಕೆಲಸಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು. ಕೊನೆಗೆ ಸುಮಿತ್ರಮ್ಮ ಮೊಳೆ ಇಟ್ಟು ಚಕ್ರ ಒದ್ದರು. ಸದ್ದಿಲ್ಲ. ಮೊಳೆಗೂ ತಟ್ಟೆಗೂ ನಡುವೆ ಬೆಳಕಿನ ಗೆರೆಯೊಂದು ಅಲುಗಾಡದೆ ನಿಂತಿತು.

ಆಮೇಲೆ ನಾನು ಎದ್ದು ಅಂಗಿಯ ತೋಳು ಮಡಚಿ ಚಕ್ರದ ಮುಂದೆ ಕೂತೆ. ಲೋಟ ಎದ್ದಿತು. ತೆಳ್ಳಗೇನೂ ಅಲ್ಲ, ಸೊಗಸೂ ಅಲ್ಲ, ಆದರೆ ಕ್ಯಾಲಿಪರ್ ಎಲ್ಲಿ ಹಿಡಿದರೂ ಒಂದೇ.

ಹಸಿಯಾಗಿದ್ದಾಗಲೇ ಕಟ್ಟೆಯ ಮೇಲೆ ಇಟ್ಟೆ. ಸುಟ್ಟು ಮತ್ತೆ ಅಲ್ಲೇ ಇಡುತ್ತೇನೆಂದು ಸುಮಿತ್ರಮ್ಮ ಮಾತು ಕೊಟ್ಟರು. ಶ್ರೀಧರ ಪ್ರೀತಿಯಿಂದ ಚೀಟಿ ಬರೆಯಲು ಕೂತರು. "ಚಕ್ರವನ್ನು ಸರಿಪಡಿಸಿದ ಮುನಿರಾಜು, ಅಂತ ಬರೀಲಾ?"

"ಬ್ಯಾಡ ಸಾರ್. ಚಕ್ರ ಸರಿ ಮಾಡಿದ್ದು ನೀವು. ನಾನ್ ಮಾಡಿದ್ದು ಲೋಟ."

ಪೆನ್ನು ಇಸಿದುಕೊಂಡು ನನ್ನ ಏಳನೇ ಕ್ಲಾಸಿನ ಅಕ್ಷರದಲ್ಲಿ ನಾನೇ ಬರೆದೆ. ಹೆಸರು, ಊರು. ಅಷ್ಟೇ.

ಹೊರಡುವ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಳ್ಳಲು ಹೋದರೆ ಮಾದಪ್ಪ ಅಡ್ಡ ಬಂದ. "ಕೊಡಿಲ್ಲಿ ಅಣ್ಣ. ಬಂದೋರ ಚೀಲ ನಾನ್ ತಾನೆ ಹೊರೋದು?" ಎಂದು ಕಿತ್ತುಕೊಂಡ. ಕೊಟ್ಟೆ. ಬೇಡ ಅನ್ನಲಿಲ್ಲ, ಅದಕ್ಕಾಗಿಯೇ ಮೂರು ದಿನ ಹಟ ಹಿಡಿದಿದ್ದೆನಲ್ಲ. ಆದರೆ ಇಳಿಜಾರಿನಲ್ಲಿ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ನನ್ನ ಎರಡೂ ಕೈ ಅನಾಥವಾದವು. ಬೀಸಿದರೆ ಜಂಬ ಅನ್ನಿಸಿತು, ಎದೆಗೆ ಕಟ್ಟಿಕೊಂಡರೆ ಮೇಷ್ಟ್ರ ಮುಂದೆ ನಿಂತ ಹಾಗಾಯಿತು. ಜೇಬಿಗೆ ಹಾಕಿದರೆ ಅಲ್ಲಿ ಕ್ಯಾಲಿಪರ್. ಕೊನೆಗೆ ಹಿಂದಕ್ಕೆ ಕಟ್ಟಿಕೊಂಡೆ. ಸ್ವಲ್ಪ ಸರಿ ಹೋಯಿತು.

ಹುಣಸೆಮರದ ಕೆಳಗೆ ಹೇಳಿದೆ: "ಮಾದಪ್ಪ, ಹೊಸೂರಿಗೆ ಬಂದ್ರೆ ನಮ್ಮನೇಲಿ ಉಳ್ಕೋಬೇಕು."

"ಬತ್ತೀನಣ್ಣ, ಬತ್ತೀನಿ" ಅಂದ, ಎಲ್ಲರೂ ಅನ್ನುವ ಹಾಗೆ.

ಬಂದ. ವರ್ಷ ಕಳೆದ ಮೇಲೆ, ಕಣ್ಣು ತೋರಿಸಲು. ಬಸ್‌ಸ್ಟ್ಯಾಂಡಿಗೆ ಹೋದೆ. ಅವನ ಗೋಣಿಚೀಲದಲ್ಲಿ ರಾಗಿ ಇತ್ತು, ಒಳ್ಳೇ ಭಾರ. ಎತ್ತಿ ಹೆಗಲಿಗೆ ಹಾಕಿಕೊಂಡೆ. "ಅಯ್ಯಯ್ಯೋ, ಬುಡಣ್ಣ, ಜನ ನೋಡ್ತಾರೆ" ಎಂದು ಎಳೆದಾಡಿದ. ನೋಡಲಿ ಎಂದೇ ನಡೆದೆ. ದಾರಿಯಲ್ಲಿ ಗುಡ್ಡದ ಸುದ್ದಿ ಹೇಳಿದ. ಮಡಕೆಗಳೆಲ್ಲ ನೆಟ್ಟಗೆ ಆಗತೊಡಗಿದ ಮೇಲೆ ಅವನ್ನು ಕೊಳ್ಳುವ ಬೆಂಗಳೂರಿನ ಅಂಗಡಿಯವರು ಇವು ಕಾರ್ಖಾನೆಯವು ಎಂದು ತಕರಾರು ತೆಗೆದರಂತೆ.

"ವಾಷರ್ ತೆಗೆದುಬಿಟ್ರಾ?"

"ಎಲ್ಲೀದು! ಮುಟ್ಟಾಕೆ ಬಿಡಲ್ಲ ಸುಮಿತ್ರಮ್ಮ. ನೆಟ್ಟಗೆ ಮಾಡಿ, ಆಮ್ಯಾಕೆ ಹೆಬ್ಬೆಟ್ಟಾಗೆ ಒತ್ತುತಾರೆ. ಈಗ ಒಂದೊಂದು ಒಂದೊಂದು ಥರ ಸೊಟ್ಟ ಕಣಣ್ಣ."

"ನನ್ ಲೋಟ?"

"ಕಟ್ಟೆ ಮ್ಯಾಲೈತೆ. ಅದೊಂದು ನೆಟ್ಟಗೆ."

ನಮ್ಮ ಬೀದಿಗೆ ತಿರುಗಿದಾಗ ಪಕ್ಕದ ಮನೆಯ ಗೋಪಾಲಪ್ಪ ಗೇಟಿನಲ್ಲಿ ನಿಂತಿದ್ದ. ಮಾದಪ್ಪನ ಟವಲು, ಬಿರುಕುಬಿಟ್ಟ ಕಾಲು ನೋಡಿದ. "ಏನ್ ಮುನಿರಾಜು, ಕೆಲ್ಸದೋನ್ನ ಕರ್ಕೊಂಡ್ ಬಂದಂಗೈತೆ? ಹಂಗೇ ನಮ್ ಕಡೀಕೂ ಕಳ್ಸು, ಮೋರಿ ಕಟ್ಕೊಂಡೈತೆ."

ನಾನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡೆ. "ಕಣ್ಣು ಕಾಣ್ಸಲ್ವಾ ಗೋಪಾಲಪ್ಪ? ಚೀಲ ಯಾರ ಹೆಗಲ ಮ್ಯಾಲೈತೆ ನೋಡು. ನಮ್ಮನೆಗೆ ಬಂದಿರೋ ನೆಂಟ ಇವನು. ಮೋರಿ ನಿಂದು, ಕೋಲು ತಗಂಡು ನೀನೇ ಕೆದಕು."

ಮನೆ ಇನ್ನೂ ನಾಲ್ಕು ಬಾಗಿಲು ಆಚೆಗಿತ್ತು. ಪಕ್ಕದಲ್ಲಿ ನಡೆಯುತ್ತಿದ್ದ ಮಾದಪ್ಪನನ್ನು ಓರೆಗಣ್ಣಿನಿಂದ ನೋಡಿದೆ. ಅವನ ಕೈಗಳು ಒಮ್ಮೆ ಟವಲು ಎಳೆಯುತ್ತಿದ್ದವು, ಒಮ್ಮೆ ಗಾಳಿಯಲ್ಲಿ ಏನೋ ಹುಡುಕುತ್ತಿದ್ದವು. ಆ ಕಷ್ಟ ನನಗೆ ಚೆನ್ನಾಗಿ ಗೊತ್ತಿತ್ತು.

"ಕೈ ಹಿಂದಕ್ಕೆ ಕಟ್ಕೋ ಮಾದಪ್ಪ" ಅಂದೆ. "ಸರಿ ಹೋಗ್ತದೆ."